ಮೆಣಸು ಹಾಕಿದ ವಿಜಯನಗರ ಕಾಲದ ಕಜ್ಜಾಯ: ಯಾರಾದರೂ ಮಾಡಿ ನೋಡಿದ್ದೀರಾ?

ಬಾಣಲೆ_ಬಂಧು
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ದೀಪಾವಳಿಗೆ ಕಜ್ಜಾಯ ಆಗಲೇಬೇಕು. ಏಲಕ್ಕಿ, ಎಳ್ಳು, ಗಸಗಸೆ ಹಾಕಿ ಮಾಡುತ್ತೇವೆ. ಮೊನ್ನೆ ಹಳೇ ಕಾಲದ ಅಡುಗೆ ಬಗ್ಗೆ ಓದುತ್ತಿದ್ದಾಗ ಒಂದು ವಿಷಯ ಸಿಕ್ಕಿತು. ಕೃಷ್ಣದೇವರಾಯನ ಕಾಲದ ಶಾಸನಗಳಲ್ಲಿ ಅತಿರಸದ ಸಾಮಾನು ಬರೆದಿದ್ದಾರಂತೆ: ಅಕ್ಕಿ ಹಿಟ್ಟು, ಬೆಲ್ಲ, ಬೆಣ್ಣೆ, ಮೆಣಸು. ಅಷ್ಟೇ. ಏಲಕ್ಕಿ ಇಲ್ಲ, ಎಳ್ಳು ಇಲ್ಲ.

ಕಜ್ಜಾಯಕ್ಕೆ ಮೆಣಸಾ ಅಂತ ಮೊದಲು ನಗು ಬಂತು. ಆಮೇಲೆ ತಲೆಯಿಂದ ಹೋಗುತ್ತಲೇ ಇಲ್ಲ. ಈ ಸಲ ಹಬ್ಬಕ್ಕೆ ಮುಂಚೆ ಅರ್ಧ ಕೆಜಿ ಅಕ್ಕಿಯಲ್ಲಿ ಹಾಗೇ ಮಾಡಿ ನೋಡೋಣ ಅಂತಿದ್ದೇನೆ. ಮೆಣಸು ಎಷ್ಟು ಹಾಕಬೇಕು? ಪುಡಿಯಾ, ತರಿಯಾ? ಯಾರಿಗಾದರೂ ಅನುಭವ ಇದೆಯಾ?

ಮೂರನೇ_ಒಗ್ಗರಣೆ
ಮುಂದಿನ ವಾರ ಇಂಗು ಹಾಕಿದ ಮೈಸೂರು ಪಾಕ್ ಬಗ್ಗೆ ಕೇಳಬೇಡಿ ಮಾರಾಯ್ರೆ.

ಶಾಸನಪ್ರಿಯ
ನಗುವ ವಿಷಯ ಅಲ್ಲ. ತಿರುಮಲೆಯ ಶಾಸನಗಳಲ್ಲಿ ದೇವರ ನೈವೇದ್ಯದ ಪಟ್ಟಿಯಲ್ಲಿ ಅತಿರಸ ಬರುತ್ತದೆ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಹಸಿಮೆಣಸಿನಕಾಯಿ, ಒಣಮೆಣಸಿನಕಾಯಿ ಎಲ್ಲ ಅವರ ಹಡಗುಗಳ ಜೊತೆ ಅಮೆರಿಕ ಕಡೆಯಿಂದ ಬಂದ ಬೆಳೆ. ಹಾಗಾಗಿ ಆ ಕಾಲದ ಬರಹದಲ್ಲಿ ಖಾರ ಅಂದರೆ ಮೆಣಸು, ಶುಂಠಿ, ಹಿಪ್ಪಲಿ. ನಮ್ಮ ಭಾಷೆಯಲ್ಲೇ ಅದರ ಗುರುತು ಉಳಿದಿದೆ ನೋಡಿ. ಬರೀ 'ಮೆಣಸು' ಅಂದರೆ ಕಾಳುಮೆಣಸು. ಆಮೇಲೆ ಬಂದದ್ದಕ್ಕೆ 'ಕಾಯಿ' ಸೇರಿಸಿ ಮೆಣಸಿನಕಾಯಿ ಅಂದೆವು.

ಇನ್ನೊಂದು ಮಾತು. ಶಾಸನ ಅಡುಗೆ ಪುಸ್ತಕ ಅಲ್ಲ. ಯಾರೋ ದಾನ ಕೊಟ್ಟಿರುತ್ತಾರೆ, ಅದರಿಂದ ಇಂಥ ದಿನ ಇಂಥ ನೈವೇದ್ಯ ಆಗಬೇಕು, ಅದಕ್ಕೆ ಉಗ್ರಾಣದಿಂದ ಇಷ್ಟು ಸಾಮಾನು ಕೊಡಬೇಕು ಅಂತ ಕಲ್ಲಿನ ಮೇಲೆ ಬರೆಸಿದ ಲೆಕ್ಕ ಅದು. ಮಾಡುವ ವಿಧಾನ ಅಡುಗೆಯವರ ಕೈಯಲ್ಲಿತ್ತು. ಪಟ್ಟಿ ಓದುವಾಗ ಇದನ್ನು ಮರೆಯಬೇಡಿ.

ಕರಾವಳಿ_ಕಾಗೆ
ನಮ್ಮಲ್ಲಿ ಈಗಲೂ 'ಒಳ್ಳೆಮೆಣಸು' ಅಂತಲೇ ಹೇಳುವುದು. ಹಾಗಾದರೆ ಇನ್ನೊಂದು ಕೆಟ್ಟದ್ದು ಅಂತ ಆಯಿತು 🙂

ಸುಬ್ಬಮ್ಮನ_ಸೊಸೆ
ಬೆಲ್ಲಕ್ಕೂ ಮೆಣಸಿಗೂ ಜೋಡಿ ಹೊಸದೇನಲ್ಲಪ್ಪ. ರಾಮನವಮಿ ಪಾನಕಕ್ಕೆ ಏನು ಹಾಕ್ತೀರಿ? ಬೆಲ್ಲ, ಮೆಣಸು, ಶುಂಠಿ, ಏಲಕ್ಕಿ. ಬಾಣಂತಿ ಲೇಹಕ್ಕೂ ಅದೇ. ನಮ್ಮ ಅತ್ತೆ ತಿಥಿ ಅಡುಗೆಗೆ ಮೆಣಸಿನಕಾಯಿ ಮುಟ್ಟುತ್ತಿರಲಿಲ್ಲ, ಎಲ್ಲಾ ಮೆಣಸಿನಲ್ಲೇ. ಕಜ್ಜಾಯಕ್ಕೆ ಹಾಕಿದ್ದು ನಾನು ನೋಡಿಲ್ಲ, ಆದರೆ ತಿಂದರೆ ಚೆನ್ನಾಗಿರುತ್ತೆ ಅಂತ ನಾಲಿಗೆಗೆ ಗೊತ್ತಾಗ್ತಿದೆ.

ಮಾಡೋ ಮುಂಚೆ ಒಂದು ಪ್ರಶ್ನೆ. ನಿಮಗೆ ಮಾಮೂಲಿ ಕಜ್ಜಾಯ ಮಾಡೋಕೆ ಬರುತ್ತಾ? ಸ್ವಂತ ಕೈಯಲ್ಲಿ?

ಬಾಣಲೆ_ಬಂಧು
ಅಕ್ಕ, ನಿಜ ಹೇಳಬೇಕೆಂದರೆ ಪಾಕ ಯಾವಾಗಲೂ ಅಮ್ಮನೇ ಇಳಿಸೋದು. ನಾನು ತಟ್ಟಿ ಕೊಡ್ತೀನಿ, ತಿಂತೀನಿ. ಆದರೆ ನೋಡಿ ನೋಡಿ ಗೊತ್ತಿದೆ.

ಸುಬ್ಬಮ್ಮನ_ಸೊಸೆ
ಸರಿ. ನೋಡೋಣ.

ಬಳ್ಳಿ_ತೋಟ
ಮೆಣಸಿನ ಬಗ್ಗೆ ನಾನು ಹೇಳ್ತೀನಿ, ತೋಟದಲ್ಲಿ ಬಳ್ಳಿ ಇದೆ. ಪ್ಯಾಕೆಟ್ ಪುಡಿ ಹಾಕಬೇಡಿ. ಅದರಲ್ಲಿ ಖಾರ ಉಳಿದಿರುತ್ತೆ, ಪರಿಮಳ ಹಾರಿ ಹೋಗಿರುತ್ತೆ. ಕಾಳು ತಂದು ಅವತ್ತೇ ಕುಟ್ಟಿ. ಕಾಳು ಭಾರ ಇರಬೇಕು. ನೀರಿಗೆ ಹಾಕಿದರೆ ತೇಲುವುದು ಜೊಳ್ಳು, ತೆಗೆದುಬಿಡಿ. ಮುಳುಗಿದ್ದನ್ನು ಚೆನ್ನಾಗಿ ಒಣಗಿಸಿ ಕುಟ್ಟಬೇಕು.

ಕರಿ ಮೆಣಸು ಅಂದರೆ ಕಾಯಿ ಬಲಿತ ಮೇಲೆ, ಹಣ್ಣಾಗುವ ಮುಂಚೆ ಕೊಯ್ದು ಸಿಪ್ಪೆ ಸಮೇತ ಒಣಗಿಸಿದ್ದು. ಪೂರ್ತಿ ಹಣ್ಣಾದದ್ದನ್ನು ನೆನೆಸಿ, ಸಿಪ್ಪೆ ಉಜ್ಜಿ ತೆಗೆದು ಒಣಗಿಸಿದರೆ ಬೋಳುಕಾಳು. ಅದರ ಖಾರ ನೇರ, ಪರಿಮಳ ಕಡಿಮೆ. ಕಜ್ಜಾಯದ ಕಂದು ಬಣ್ಣಕ್ಕೆ ಎರಡೂ ಆಗುತ್ತೆ. ನನ್ನ ಓಟು ಕರಿ ಮೆಣಸಿಗೆ.

ಅಂದಹಾಗೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಅಂತ ಕರೀತಿದ್ದರು. ಅದೂ 16ನೇ ಶತಮಾನವೇ. ಹಡಗುಗಟ್ಟಲೆ ಮೆಣಸು ಹೊರಗೆ ಹೋಗ್ತಿದ್ದ ನಾಡಿನಲ್ಲಿ ನಾಲ್ಕು ಕಾಳು ಕಜ್ಜಾಯಕ್ಕೆ ಬಿದ್ದರೆ ಆಶ್ಚರ್ಯ ಏನು?

ಮೂರನೇ_ಒಗ್ಗರಣೆ
ಕಜ್ಜಾಯವೋ ಅತಿರಸವೋ ಮೊದಲು ಅದು ತೀರ್ಮಾನ ಆಗಲಿ.

ಕರಾವಳಿ_ಕಾಗೆ
ನಮ್ಮಲ್ಲಿ ಅತ್ರಾಸ. ತೆಲುಗಿನವರು ಅರಿಸೆಲು, ತಮಿಳರು ಅದಿರಸಂ, ಮರಾಠಿಯವರು ಅನಾರ್ಸೆ. ಘಟ್ಟದ ಮೇಲೆ ಕೆಲವು ಕಡೆ ಕಜ್ಜಾಯ ಅಂದರೆ ಯಾವ ಸಿಹಿಯಾದರೂ ಆದೀತು. ಹೆಸರಿಗೆ ಜಗಳ ಶುರು ಮಾಡಿದರೆ ಹಬ್ಬ ಮುಗಿದೇ ಹೋಗುತ್ತೆ. ಮುಂದುವರಿಸಿ.

ಬಾಣಲೆ_ಬಂಧು (ನಾಲ್ಕು ದಿನದ ನಂತರ)
ಮಾಡಿದೆ. ಹಾಳಾಯಿತು.

ಮಾಡಿದ್ದು ಹೀಗೆ. ಅರ್ಧ ಕೆಜಿ ಅಕ್ಕಿ ರಾತ್ರಿಯೆಲ್ಲ ನೆನೆಸಿದೆ. ಬಸಿದು ಬಿಸಿಲಿನಲ್ಲಿ ಎರಡು ಗಂಟೆ ಹರಡಿದೆ. ಮಿಕ್ಸಿಯಲ್ಲಿ ಪುಡಿ ಮಾಡಿದೆ. 350 ಗ್ರಾಂ ಬೆಲ್ಲಕ್ಕೆ ಒಂದು ಲೋಟ ನೀರು ಹಾಕಿ ಒಂದೆಳೆ ಪಾಕ ತೆಗೆದೆ. 100 ಗ್ರಾಂ ಬೆಣ್ಣೆ ಕರಗಿಸಿ ಸೇರಿಸಿದೆ, ಪಟ್ಟಿಯಲ್ಲಿ ಬೆಣ್ಣೆ ಇದೆಯಲ್ಲ. ಎರಡು ಚಮಚ ಮೆಣಸು ತರಿತರಿಯಾಗಿ ಕುಟ್ಟಿ ಹಾಕಿದೆ. ಮಾರನೇ ದಿನ ತಟ್ಟಿ ಎಣ್ಣೆಗೆ ಬಿಟ್ಟರೆ ಒಂದು ನಿಮಿಷಕ್ಕೆ ನೊರೆ ಬಂದು, ಅಂಚು ಬಿಟ್ಟುಕೊಂಡು, ಚೂರು ಚೂರಾಗಿ ಎಣ್ಣೆ ತುಂಬಾ ಹರಡಿಬಿಟ್ಟಿತು. ಬಾಣಲೆ ತುಂಬಾ ಕಂದು ಮರಳು. ಮೂರು ಬಿಟ್ಟು ನೋಡಿದೆ, ಮೂರೂ ಅದೇ ಕಥೆ. ಮೆಣಸಿನ ತರಿಯಿಂದ ಬಿರುಕು ಬಿಟ್ಟಿರಬೇಕು ಅಂತ ನನ್ನ ಅನುಮಾನ.

ಸುಬ್ಬಮ್ಮನ_ಸೊಸೆ
ಅಯ್ಯೋ, ಮೆಣಸಿನ ಮೇಲೆ ಯಾಕಪ್ಪ ಹಾಕ್ತೀಯ. ಮೆಣಸು ಏನೂ ಮಾಡಿಲ್ಲ. ನೀನು ಮಾಡಿದ್ದೇ ಮೂರು ತಪ್ಪು ಇದೆ.

ಮೊದಲನೇದು ಹಿಟ್ಟು. ಎರಡು ಗಂಟೆ ಬಿಸಿಲಿಗೆ ಹಾಕಿದರೆ ಅದು ಒಣ ಹಿಟ್ಟಾಯಿತು. ಕಜ್ಜಾಯಕ್ಕೆ ಒದ್ದೆ ಹಿಟ್ಟೇ ಬೇಕು. ನೆರಳಿನಲ್ಲಿ, ಬಟ್ಟೆ ಮೇಲೆ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಅಕ್ಕಿ ಮುಟ್ಟಿದರೆ ಅಂಗೈಗೆ ಅಂಟಬಾರದು, ಆದರೆ ತಣ್ಣಗಿರಬೇಕು. ಹಿಟ್ಟು ಮಾಡಿದ ಮೇಲೆ ಮುಷ್ಟಿ ಹಿಡಿದರೆ ಉಂಡೆ ನಿಲ್ಲಬೇಕು. ಹಿಡಿದು ನೋಡಿ ಉದುರಿದರೆ ಒಣಗಿದೆ ಅಂತ ಅರ್ಥ. ಸ್ವಲ್ಪ ಸ್ವಲ್ಪವೇ ಮಿಕ್ಸಿಗೆ ಹಾಕಿ, ಸಣ್ಣ ಜರಡಿ ಹಿಡಿದು, ಮೇಲೆ ಉಳಿದ ತರಿ ಮತ್ತೆ ಪುಡಿ ಮಾಡಬೇಕು. ಜರಡಿ ಹಿಡಿದ ಹಿಟ್ಟನ್ನು ಪಾತ್ರೆಯಲ್ಲಿ ಒತ್ತಿ ಮುಚ್ಚಿಡು, ಇಲ್ಲದಿದ್ದರೆ ಪಾಕ ಆಗೋ ಹೊತ್ತಿಗೆ ಅದೂ ಒಣಗುತ್ತೆ.

ಎರಡನೇದು ಪಾಕ. ಒಂದೆಳೆ ಪಾಕ ಜಾಮೂನಿಗೆ. ಕಜ್ಜಾಯಕ್ಕೆ ಉಂಡೆ ಪಾಕ. ತಟ್ಟೆಯಲ್ಲಿ ತಣ್ಣೀರು ಇಟ್ಟುಕೊಂಡು ಒಂದು ಹನಿ ಬಿಡು. ಕರಗಿ ಹರಡಿದರೆ ಇನ್ನೂ ಆಗಿಲ್ಲ. ಬೆರಳಲ್ಲಿ ಕೂಡಿಸಿದರೆ ಮೆತ್ತಗೆ ಉಂಡೆ ಆಗಬೇಕು, ಎತ್ತಿದರೆ ಬೆರಳಿಗೆ ಜೋತುಬೀಳಬೇಕು. ಆಗ ಒಲೆ ಆರಿಸು. ಆ ಉಂಡೆ ತಟ್ಟೆಗೆ ಹಾಕಿದಾಗ ಟಣ್ ಅಂತ ಸದ್ದು ಬಂದರೆ ಅದು ಚಿಕ್ಕಿ ಪಾಕ, ಕಜ್ಜಾಯ ಕಲ್ಲಾಗುತ್ತೆ. ಎರಡರ ನಡುವೆ ಸಿಗೋದು ಒಂದು ನಿಮಿಷ, ಅಷ್ಟೇ. ಆ ಹೊತ್ತಿನಲ್ಲಿ ಫೋನ್ ಬಂದರೆ ತೆಗೀಬೇಡ. ಬೆಲ್ಲ ಕರಗುವಷ್ಟು ನೀರು ಸಾಕು, ಅರ್ಧ ಕೆಜಿ ಅಕ್ಕಿ ಲೆಕ್ಕಕ್ಕೆ ಅರ್ಧ ಲೋಟ. ಕರಗಿದ ಮೇಲೆ ಸೋಸಿ ಮತ್ತೆ ಒಲೆಗೆ ಇಡು, ಬೆಲ್ಲದಲ್ಲಿ ಮಣ್ಣು ಕಸ ಇರುತ್ತೆ.

ಮೂರನೇದು ಬೆಣ್ಣೆ. 100 ಗ್ರಾಂ! ಅದು ಕಜ್ಜಾಯ ಅಲ್ಲ, ಬಿಸ್ಕತ್ತು.

ಶಾಸನಪ್ರಿಯ
ಬೆಣ್ಣೆ ಬಗ್ಗೆ ನಾನು ಮೊದಲೇ ಹೇಳಬೇಕಿತ್ತು. ಆ ಪಟ್ಟಿಯಲ್ಲಿ ಎಣ್ಣೆ ಇದೆಯಾ? ಇಲ್ಲ. ಹಾಗಾದರೆ ಅತಿರಸವನ್ನು ಯಾವುದರಲ್ಲಿ ಕರಿದರು? ಬೆಣ್ಣೆ ಕಾಯಿಸಿದರೆ ತುಪ್ಪ ಆಗುತ್ತೆ, ಅದರಲ್ಲೇ ಕರಿದಿದ್ದಾರೆ ಅಂತ ಓದುವುದು ಸರಿ ಅನಿಸುತ್ತೆ. ಸಾಮಾನಿನ ಲೆಕ್ಕದಲ್ಲಿ ಕರಿಯುವ ಜಿಡ್ಡೂ ಸೇರಿರುತ್ತದೆ. ಅದೆಲ್ಲ ಹಿಟ್ಟಿಗೇ ಕಲಸಿದರು ಅಂತ ಅಲ್ಲ.

ಬಾಣಲೆ_ಬಂಧು
ಅಯ್ಯೋ ದೇವರೇ. ಇದು ನನಗೆ ಹೊಳೆಯಲೇ ಇಲ್ಲ.

ಲ್ಯಾಬ್_ಮೇಟ್
ಒಡೆಯೋದು ಯಾಕೆ ಅಂತ ಸ್ವಲ್ಪ ಹೇಳ್ತೀನಿ, ನನ್ನ ಕೆಲಸ ಇದೇ ಕ್ಷೇತ್ರದ್ದು.

ಅಕ್ಕಿಯಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಕಜ್ಜಾಯದ ಹಿಟ್ಟನ್ನು ಹಿಡಿದಿಡೋದು ಪಾಕ ಒಂದೇ. ಪಾಕ ಎಳೆಯದಾದರೆ ಅದರಲ್ಲಿ ನೀರು ಜಾಸ್ತಿ ಇರುತ್ತೆ. ಎಣ್ಣೆಗೆ ಬಿದ್ದ ತಕ್ಷಣ ಆ ನೀರು ಆವಿಯಾಗಿ ನುಗ್ಗುತ್ತೆ, ಸಕ್ಕರೆ ತೆಳ್ಳಗಾಗಿ ಹರಿಯುತ್ತೆ, ಹಿಟ್ಟಿನ ಕಣಗಳು ಬಿಟ್ಟುಕೊಳ್ಳುತ್ತವೆ. ಬಿಟ್ಟ ಜಾಗಕ್ಕೆ ಎಣ್ಣೆ ಹೊಗುತ್ತೆ. ಹಿಟ್ಟಿನಲ್ಲಿ ಜಿಡ್ಡೂ ಜಾಸ್ತಿ ಇದ್ದರೆ ಕಣ ಕಣ ಅಂಟೋದು ಇನ್ನೂ ಕಷ್ಟ. ಥರ್ಮಾಮೀಟರ್ ಇದ್ದವರಿಗೆ: ಸುಬ್ಬಮ್ಮನ ಸೊಸೆಯವರು ಹೇಳಿದ ಮೆತ್ತನೆ ಉಂಡೆ ಪಾಕ ಅಂದರೆ ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್. ಒಂದೆಳೆ ಪಾಕ ಅದಕ್ಕಿಂತ ಕೆಳಗೇ ನಿಲ್ಲುತ್ತೆ.

ಬೆಲ್ಲ ಯಾವುದು ಅಂತ ನೀವು ಹೇಳಿಲ್ಲ. ಹಳೇದಾಗಿ ಹುಳಿಯಾದ ಬೆಲ್ಲ, ತೇವ ಹಿಡಿದು ಜಿನುಗುವ ಬೆಲ್ಲ ಆದರೆ ಅದರಲ್ಲಿ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುತ್ತೆ. ಅಂಥದ್ದು ಎಷ್ಟು ಕುದಿಸಿದರೂ ಪಾಕ ಸರಿಯಾಗಿ ಗಟ್ಟಿ ಕಟ್ಟಲ್ಲ, ಎಣ್ಣೆಯಲ್ಲಿ ಬೇಗ ಕಪ್ಪಾಗುತ್ತೆ. ಮುರಿದರೆ ಒಳಗೆ ಹರಳು ಹರಳಾಗಿ ಕಾಣುವ ಗಟ್ಟಿ ಬೆಲ್ಲ ತಗೊಳ್ಳಿ.

ಬಾಣಲೆ_ಬಂಧು
ತುಂಬಾ ಹಳದಿಯಾಗಿ ಹೊಳೀತಿದ್ದ ಅಚ್ಚು ಬೆಲ್ಲ. ನೋಡೋಕೆ ಚೆನ್ನಾಗಿತ್ತು ಅಂತ ತಂದೆ.

ಸುಬ್ಬಮ್ಮನ_ಸೊಸೆ
ನೋಡೋಕೆ ಚೆನ್ನಾಗಿರೋದನ್ನ ನೋಡೋಕೆ ಇಟ್ಟುಕೋ. ಬಣ್ಣ ಬರಲಿ ಅಂತ ರಾಸಾಯನಿಕ ಹಾಕಿರ್ತಾರೆ. ಕಂದು ಬಣ್ಣದ ಬೆಲ್ಲ ತಾ. ನಾಲಿಗೆಗೆ ಇಟ್ಟರೆ ಉಪ್ಪು ಉಪ್ಪು ಅನ್ನಬಾರದು.

ಉಳಿದ ಹಿಟ್ಟು ಎಸೆದೆಯಾ?

ಬಾಣಲೆ_ಬಂಧು
ಇಲ್ಲ, ಫ್ರಿಜ್‌ನಲ್ಲಿದೆ.

ಸುಬ್ಬಮ್ಮನ_ಸೊಸೆ
ಜಾಣ. ಎಸೀಬೇಡ. ಬೆಣ್ಣೆ ಅಷ್ಟು ಇರೋದರಿಂದ ಕರಿಯೋಕೆ ಬರಲ್ಲ. ದಪ್ಪ ತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ಮಗುಚು. ಹಸಿ ವಾಸನೆ ಹೋಗಿ, ತಳ ಬಿಟ್ಟು ಬರೋ ಹೊತ್ತಿಗೆ ಒಣಕೊಬ್ಬರಿ ತುರಿ, ಹುರಿದ ಎಳ್ಳು, ಹುರಿಗಡಲೆ ಪುಡಿ ಹಾಕಿ ಉಂಡೆ ಕಟ್ಟು. ತಂಬಿಟ್ಟಿನ ತಂಗಿ ಅಂತ ಹೇಳಿ ಕೊಡು, ಯಾರೂ ಕೇಳಲ್ಲ.

ಮೂರನೇ_ಒಗ್ಗರಣೆ
ಮೆಣಸಿನ ಉಂಡೆ ನಮಗೂ ಕಳಿಸಿ. ಶೀತ ಆಗಿದೆ.

ಕರಾವಳಿ_ಕಾಗೆ
ಅಕ್ಕಿ ಯಾವುದು ಅಂತ ಯಾರೂ ಕೇಳಲಿಲ್ಲವಲ್ಲ. ಬೆಳ್ತಿಗೆ ಅಕ್ಕಿಯೇ ಆಗಬೇಕು. ಕುಚ್ಚಲಕ್ಕಿ ಆಗುವುದಿಲ್ಲ, ಅದು ಒಮ್ಮೆ ಬೆಂದ ಅಕ್ಕಿ. ನನ್ನ ತಂಗಿ ಒಮ್ಮೆ ಗೊತ್ತಿಲ್ಲದೆ ಮಾಡಿ ಇಡೀ ಮನೆಗೆ ಒಂದು ವಾರ ರಬ್ಬರ್ ತಿನ್ನಿಸಿದ್ದಳು.

ಬಳ್ಳಿ_ತೋಟ
ಮೆಣಸಿನ ಪಾಲಿಗೆ ನಾನೊಂದು ಮಾತು ಸೇರಿಸ್ತೀನಿ. ಬಿರುಕಿಗೆ ಅದು ಕಾರಣ ಅಲ್ಲ, ಒಪ್ಪಿದೆ. ಆದರೆ ತರಿ ತೀರಾ ದಪ್ಪ ಇದ್ದರೆ ತಟ್ಟುವಾಗ ಅಂಚು ಸೀಳುತ್ತೆ. ಇಡೀ ಕಾಳು ಉಳಿದರೆ ಕಾದ ಎಣ್ಣೆಯಲ್ಲಿ ಸಿಡಿಯುತ್ತೆ, ಮುಖಕ್ಕೆ ಹಾರುತ್ತೆ. ರವೆಯಷ್ಟು ಸಣ್ಣಗೆ ಕುಟ್ಟಿ, ಜರಡಿ ಹಿಡಿದು ದಪ್ಪ ಚೂರು ಬೇರೆ ಮಾಡಿ. ಅದು ಸಾರಿಗೆ ಆಗುತ್ತೆ.

ಲ್ಯಾಬ್_ಮೇಟ್
ಮೆಣಸಿನ ಖಾರಕ್ಕೆ ಕಾರಣ ಪೈಪರೀನ್. ಅದು ನೀರಿನಲ್ಲಿ ಅಷ್ಟಾಗಿ ಕರಗಲ್ಲ, ಜಿಡ್ಡಿನಲ್ಲಿ ಕರಗುತ್ತೆ. ಎರಡು ಚಮಚ ತುಪ್ಪ ಬೆಚ್ಚಗೆ ಮಾಡಿ, ಒಲೆ ಆರಿಸಿ, ಮೆಣಸನ್ನು ಅದಕ್ಕೆ ಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಪಾಕಕ್ಕೆ ಸೇರಿಸಿ. ಖಾರ ಎಲ್ಲಾ ಕಡೆ ಸಮ ಹರಡುತ್ತೆ. ಹಿಟ್ಟಿಗೆ ಹೋಗೋ ಜಿಡ್ಡು ಆ ಎರಡು ಚಮಚವೇ ಸಾಕು. ಪರಿಮಳದ ಎಣ್ಣೆ ಮಾತ್ರ ಬಿಸಿಗೆ ಹಾರುವಂಥದ್ದು. ಅದಕ್ಕೇ ಪಾಕ ಕುದಿಯುವಾಗ ಮೆಣಸು ಹಾಕಬೇಡಿ, ಇಳಿಸಿದ ಮೇಲೆ ಹಾಕಿ.

ಸುಬ್ಬಮ್ಮನ_ಸೊಸೆ
ಹಿಟ್ಟು ಹಾಕೋದು ಹೇಗೆ ಅಂತಲೂ ಹೇಳಿಬಿಡ್ತೀನಿ, ಮತ್ತೆ ಬಂದು ಅಳಬಾರದು. ಪಾಕ ಇಳಿಸಿ, ಹಿಟ್ಟು ಉದುರಿಸುತ್ತಾ ಒಂದೇ ಕಡೆ ತಿರುವು. ಎಲ್ಲಾ ಹಿಟ್ಟೂ ಹಿಡಿಯಲೇಬೇಕು ಅಂತಿಲ್ಲ. ಚಪಾತಿ ಹಿಟ್ಟಿನ ಹಾಗೆ ಆಗೋವರೆಗೂ ಹಾಕಿದರೆ ಕೆಟ್ಟಿತು. ಇಡ್ಲಿ ಹಿಟ್ಟಿಗಿಂತ ಗಟ್ಟಿ, ಸೌಟಿನಿಂದ ಭಾರವಾಗಿ ಜಾರಬೇಕು. ಆರುತ್ತಾ ತಾನೇ ಗಟ್ಟಿಯಾಗುತ್ತೆ. ಮೇಲೆ ತುಪ್ಪ ಸವರಿ, ಬಟ್ಟೆ ಕಟ್ಟಿ ಇಡು. ಒಂದು ದಿನ ಸಾಲದು, ಎರಡು ದಿನ ಬಿಡು. ಹಿಟ್ಟು ಪಾಕ ಕುಡಿದು ಒಂದಾಗಬೇಕು. ತೆಗೆದಾಗ ತೀರಾ ಬಿಗಿ ಇದ್ದರೆ ಒಂದು ಚಮಚ ಹಾಲು ಚಿಮುಕಿಸಿ ನಾದು.

ಕರಿಯುವಾಗ ಉರಿ ಸಣ್ಣದು ಮತ್ತು ನಡುವಿನದರ ಮಧ್ಯೆ. ಒಂದು ಸಲಕ್ಕೆ ಒಂದೇ. ಬಿಟ್ಟ ತಕ್ಷಣ ಮುಟ್ಟಬೇಡ, ತಾನೇ ಮೇಲೆ ಬರುತ್ತೆ. ಬಂದ ಮೇಲೆ ಒಂದು ಸಲ ತಿರುವಿ ಹಾಕು. ತೆಗೆಯುವಾಗ ಎರಡು ಜಾಲರಿ ಸೌಟಿನ ಮಧ್ಯೆ ಇಟ್ಟು ಒತ್ತು, ಕುಡಿದ ತುಪ್ಪ ಎಲ್ಲಾ ಇಳಿಯುತ್ತೆ. ಬಿಸಿ ಇದ್ದಾಗಲೇ ಒತ್ತಬೇಕು. ಆರಿದ ಮೇಲೆ ಒತ್ತಿದರೆ ಮುರಿಯುತ್ತೆ ಅಷ್ಟೇ. ಮತ್ತೆ, ಎಲ್ಲಾ ತಟ್ಟಿಟ್ಟುಕೊಂಡು ಕೂರಬೇಡ. ಮೊದಲು ಗೋಲಿಯಷ್ಟು ಹಿಟ್ಟು ಬಿಟ್ಟು ನೋಡು. ಒಡೆದರೆ ಪಾಕ ಎಳೆ, ಇನ್ನೊಂದು ಹಿಡಿ ಅಕ್ಕಿ ಹಿಟ್ಟು ಕಲಸಿ ಅರ್ಧ ದಿನ ಬಿಟ್ಟು ನೋಡಬಹುದು.

ಬಾಣಲೆ_ಬಂಧು (ಒಂಬತ್ತು ದಿನದ ನಂತರ)
ಎಲ್ಲರಿಗೂ ದೊಡ್ಡ ನಮಸ್ಕಾರ. ಈ ಸಲ ಬಂತು!

ಅಳತೆ ಬರೆದಿಡ್ತೀನಿ. ಅಕ್ಕಿ 500 ಗ್ರಾಂ, ಕಂದು ಬೆಲ್ಲ 375 ಗ್ರಾಂ, ನೀರು ಅರ್ಧ ಲೋಟ, ಹಿಟ್ಟಿಗೆ ತುಪ್ಪ ಎರಡು ಚಮಚ. ಹಿಟ್ಟಿನಲ್ಲಿ ಎರಡು ಹಿಡಿ ಉಳಿಯಿತು, ಬಲವಂತ ಮಾಡಲಿಲ್ಲ. ಕಲಸಿದ್ದನ್ನು ಎರಡು ಭಾಗ ಮಾಡಿದೆ. ಒಂದಕ್ಕೆ ಅರ್ಧ ಟೀ ಚಮಚ ಮೆಣಸು, ಇನ್ನೊಂದಕ್ಕೆ ಒಂದೂವರೆ. ಏಲಕ್ಕಿ ಇಲ್ಲ, ಎಳ್ಳು ಇಲ್ಲ. ಕರಿದದ್ದು ಬೆಣ್ಣೆ ಕಾಯಿಸಿದ ತುಪ್ಪದಲ್ಲೇ. ಚಿಕ್ಕ ಬಾಣಲೆ, ಒಂದೊಂದೇ, ಮಧ್ಯಾಹ್ನ ಪೂರ್ತಿ ಅದೇ ಕೆಲಸ. ಅಮ್ಮ ಪಾಕಕ್ಕೆ ಕೈ ಹಾಕಲಿಲ್ಲ, ಆದರೆ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು.

ಅರ್ಧ ಚಮಚದ್ದರಲ್ಲಿ ಮೆಣಸು ಇದೆ ಅಂತ ಹೇಳಿದರೆ ಮಾತ್ರ ಗೊತ್ತಾಗುತ್ತೆ. ಒಂದೂವರೆ ಚಮಚದ್ದು ಬೇರೆ ತಿಂಡಿಯೇ. ಮೊದಲು ಬೆಲ್ಲ, ತುಪ್ಪ. ನುಂಗಿದ ಮೇಲೆ ಗಂಟಲಲ್ಲಿ ಬೆಚ್ಚಗೆ ಏಳುತ್ತೆ. ಇನ್ನೊಂದು ತಿನ್ನೋಣ ಅನಿಸುತ್ತೆ, ಯಾಕೆಂದರೆ ಬೆಲ್ಲದ ಸಿಹಿ ನಾಲಿಗೆಗೆ ಕಟ್ಟಲ್ಲ. ಮಾಮೂಲಿ ಕಜ್ಜಾಯ ಎರಡು ತಿಂದರೆ ಸಾಕಾಗುತ್ತೆ, ಇದು ನಾಲ್ಕು ಹೋಯಿತು. ಅಪ್ಪ ತಿಂದು, ಪಾನಕ ಅಗಿದು ತಿಂದ ಹಾಗಿದೆ ಅಂದರು. ಅಮ್ಮ ಏನೂ ಹೇಳದೆ ಒಂದು ಡಬ್ಬಿಗೆ ಹಾಕಿ ಪಕ್ಕದ ಮನೆಗೆ ಕೊಟ್ಟು ಬಂದರು.

ಒಂದು ಗಮನಿಸಿದ ವಿಷಯ. ಕರಿದ ದಿನಕ್ಕಿಂತ ಮೂರನೇ ದಿನ ಖಾರ ಜಾಸ್ತಿ ಅನಿಸಿತು. ಇದು ನನ್ನ ಭ್ರಮೆಯಾ?

ಲ್ಯಾಬ್_ಮೇಟ್
ಭ್ರಮೆ ಇರಲಿಕ್ಕಿಲ್ಲ. ತರಿಯಲ್ಲಿದ್ದದ್ದು ನಿಧಾನಕ್ಕೆ ತುಪ್ಪಕ್ಕೆ ಇಳಿಯುತ್ತೆ. ಮಕ್ಕಳಿಗೆ ಕೊಡೋದಾದರೆ ಮೊದಲ ದಿನವೇ ಕೊಡಿ.

ಶಾಸನಪ್ರಿಯ
ಕಂಚಿಯ ಇಡ್ಲಿಯಲ್ಲೂ ಮೆಣಸು, ಶುಂಠಿ ಇದೆ ನೋಡಿ. ಮೆಣಸಿನಕಾಯಿ ಬಂದ ಮೇಲೂ ಎಷ್ಟೋ ದೇವಸ್ಥಾನದ ಅಡುಗೆಮನೆಗಳು ಮೆಣಸನ್ನು ಬಿಡಲಿಲ್ಲ. ನಮ್ಮ ಕಜ್ಜಾಯ ಮಾತ್ರ ಎಲ್ಲೋ ದಾರಿಯಲ್ಲಿ ಬಿಟ್ಟು, ಏಲಕ್ಕಿ ಕಡೆ ಹೊರಳಿತು.

ಮೂರನೇ_ಒಗ್ಗರಣೆ
ನಾಲ್ಕು ತಿಂದವರು ಫೋಟೋ ಹಾಕಲಿಲ್ಲ ಅಂದರೆ ನಾವು ನಂಬಲ್ಲ.

ಬಾಣಲೆ_ಬಂಧು
ಫೋಟೋ ತೆಗೆಯುವ ಹೊತ್ತಿಗೆ ಡಬ್ಬಿ ಪಕ್ಕದ ಮನೆಯಲ್ಲಿತ್ತು. ಮೂರು ಉಂಡೆಯಷ್ಟು ಹಿಟ್ಟು ಫ್ರಿಜ್‌ನಲ್ಲಿದೆ. ಭಾನುವಾರ ಕರಿದಾಗ ಹಾಕ್ತೀನಿ.

ಬಳ್ಳಿ_ತೋಟ
ಮುಂದಿನ ಸಲ ಬೋಳುಕಾಳಿನಲ್ಲೂ ಒಂದು ಪಾಲು ಮಾಡಿ ನೋಡಿ. ನನ್ನ ಓಟು ತಪ್ಪಾಗಿದ್ದರೆ ಒಪ್ಪಿಕೊಳ್ತೀನಿ.

ಸುಬ್ಬಮ್ಮನ_ಸೊಸೆ
ಆ ಎರಡು ಹಿಡಿ ಹಿಟ್ಟು ಒದ್ದೆ ಹಿಟ್ಟಪ್ಪ, ಹುಳಿ ಬರೋ ಮುಂಚೆ ಇವತ್ತೇ ದೋಸೆಗೆ ಸೇರಿಸು.